ಬೆಣಚುಕಲ್ಲು, ಬೆಲ್ಲ, ಅವ್ವ

ಹೈದರಾಬಾದಿನ ಉಪ್ಪಲ್‌ಗೆ ಇನ್ನೂ ಮೆಟ್ರೋ ಬಂದಿರದ ಕಾಲ. ಅದರಾಚೆಯ ಶೀಟಿನ ಸಾಲುಮನೆಗಳಲ್ಲಿ ಯಾದಗಿರಿ ಕಡೆಯಿಂದ ಬಂದ ಏಳೆಂಟು ಕುಟುಂಬಗಳಿದ್ದವು. ಬೇಸಿಗೆ ಬಂತೆಂದರೆ ಶೀಟು ಕಾದು, ರೊಟ್ಟಿ ಹಂಚಿನ ಕೆಳಗೆ ಕೂತ ಹಾಗಾಗುತ್ತಿತ್ತು. ನೀವೂ ಶೀಟಿನಡಿ ಬೆಳೆದವರಾದರೆ ಆ ಝಳ ನಿಮಗೆ ಗೊತ್ತು. ನನ್ನ ಒಂಬತ್ತನೇ ವಯಸ್ಸಿನ ಬೇಸಿಗೆ ನೆನಪಾದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ.

ಅಪ್ಪ ಊರಿನ ಇನ್ನೊಂದು ತುದಿಯ ಮಣಿಕೊಂಡದಲ್ಲಿ ಟೈಲ್ಸ್ ಕೂಡಿಸುವ ಕೆಲಸಕ್ಕಿದ್ದ, ಭಾನುವಾರಕ್ಕೊಮ್ಮೆ ಬರುತ್ತಿದ್ದ. ಅವ್ವ ಹತ್ತಿರದ ಪೌಡರ್ ಮಿಲ್ಲಿಗೆ ಹೋಗುತ್ತಿದ್ದಳು. ಬೆಣಚುಕಲ್ಲು ಒಡೆದು ಯಂತ್ರದ ಬಾಯಿಗೆ ಸುರಿಯುವುದು, ಆಚೆ ಬಂದ ಬಿಳಿ ಹಿಟ್ಟನ್ನು ಚೀಲಕ್ಕೆ ತುಂಬುವುದು. ಗಾಜು, ಟೈಲ್ಸು ಎಲ್ಲ ಆ ಹಿಟ್ಟಿನಿಂದಲೇ ಆಗುತ್ತಿದ್ದವು. ಸಂಜೆ ಅವ್ವ ಬಾಗಿಲಲ್ಲಿ ನಿಂತರೆ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಿರುತ್ತಿದ್ದವು. "ಅವ್ವಾ, ಮುದುಕಿ ಆಗಿ ಬಂದಿ ನೋಡು" ಎಂದು ನಾನು ನಗುತ್ತಿದ್ದೆ.

ಬೆಣಚು ನಮಗೆ ಆಟದ ಸಾಮಾನು. ಮಿಲ್ಲಿನ ಗೇಟಿನ ಬಳಿ ಬಿದ್ದ ಚೂರುಗಳನ್ನು ಆರಿಸಿ ತಂದು, ಮಧ್ಯಾಹ್ನದ ಬಿಸಿಲಲ್ಲೇ ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ಒಂದಕ್ಕೊಂದು ಉಜ್ಜುತ್ತಿದ್ದೆವು. ಕಲ್ಲಿನ ಹೊಟ್ಟೆಯೊಳಗೆ ಮಿಣುಕ್ಕನೆ ಬೆಳಕು ಹೊಳೆದು ಸುಟ್ಟ ವಾಸನೆ ಬರುತ್ತಿತ್ತು. ಇನ್ನು ಬಳಪವನ್ನಂತೂ ನಾನು ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. ಈಗ ಸಿಕಂದರಾಬಾದಿನ ಶಾಲೆಯೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಬಳಪದಲ್ಲೂ ಬೆಣಚಿನಲ್ಲೂ ಮುಖ್ಯವಾಗಿ ಇರುವುದು ಅವೇ ಸಿಲಿಕಾನ್, ಆಮ್ಲಜನಕ ಎಂದರೆ ಮಕ್ಕಳು ನಂಬುವುದಿಲ್ಲ. ಬಳಪದಲ್ಲಿ ಅವು ಪದರ ಪದರವಾಗಿ ಕೂತಿವೆ, ಪದರ ಜಾರುತ್ತದೆ, ಅದಕ್ಕೇ ಬೆರಳಿಗೆ ಅಷ್ಟು ನುಣುಪು. ಬೆಣಚಿನಲ್ಲಿ ಜಾರುವ ಪದರವೇ ಇಲ್ಲ. ಪ್ರತಿಯೊಂದು ಸಿಲಿಕಾನೂ ನಾಲ್ಕು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ, ಆ ನಾಲ್ಕೂ ಪಕ್ಕದ ಸಿಲಿಕಾನನ್ನು ಹಿಡಿದಿರುತ್ತವೆ. ಆಗ ನನಗೆ ಎರಡೂ ಬರೀ ಬಿಳಿ ಪುಡಿ.

ಮಿಲ್ಲಿನಲ್ಲಿ ಒಂದು ರಿವಾಜಿತ್ತು. ಕೆಲಸ ಬಿಡುವಾಗ ಪ್ರತಿಯೊಬ್ಬರಿಗೂ ಲಿಂಬೆಗಾತ್ರದ ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಎದೆಯ ಧೂಳು ಕರಗಿ ಇಳಿಯುತ್ತದೆ ಎಂದು ಎಲ್ಲರ ನಂಬಿಕೆ. ಅವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು, ಮೈ ತೊಳೆದ ಮೇಲೆ ತಿನ್ನೋಣವೆಂದು ಗೂಡಿನ ಡಬ್ಬಿಯಲ್ಲಿಡುತ್ತಿದ್ದಳು. ಅವಳು ನೀರು ಹಾಕಿಕೊಂಡು ಬರುವಷ್ಟರಲ್ಲಿ ಅದು ನನ್ನ ಹೊಟ್ಟೆ ಸೇರಿರುತ್ತಿತ್ತು.

"ಇರಿವಿ ತಿಂದಿರಬೇಕವಾ" ಎನ್ನುತ್ತಿದ್ದೆ.

"ಭಾಳ ದೊಡ್ಡ ಇರಿವಿ ಐತಿ ಬಿಡು" ಎಂದು ಅವ್ವ ಸುಮ್ಮನಾಗುತ್ತಿದ್ದಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅರ್ಧ ಬೇಸಿಗೆ ಹಾಗೇ ನಡೆಯಿತು. ಆಮೇಲೆ ಕೆಮ್ಮು ಶುರುವಾಯಿತು. ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಅವ್ವ ಗೋಡೆ ಹಿಡಿದು ನಿಲ್ಲತೊಡಗಿದಳು. ಅವಳ ಜೊತೆ ಮಿಲ್ಲಿಗೆ ಹೋಗುತ್ತಿದ್ದ ಪಕ್ಕದ ಮನೆಯ ಮಲ್ಲಮ್ಮ ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಕೇಳಿದಳು:

"ಯಕ್ಕಾ, ಬೆಲ್ಲಾ ತಿನ್ನಾಕತ್ತೀಯೋ ಇಲ್ಲೋ? ತಿನ್ನಲಿಲ್ಲಂದ್ರ ಧೂಳು ಎದಿಯೊಳಗ ಕಲ್ಲಾಗಿ ಕುಂದರತೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬಾಯಿ ಒರೆಸಿಕೊಂಡೆ. "ದಿನಾ ತಿಂತೀನಿ" ಎಂದಳು ಅವ್ವ, ನನ್ನ ಕಡೆ ನೋಡದೆ.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಅವ್ವ ಕೆಮ್ಮಿದಾಗಲೆಲ್ಲ ನಾನು ತಿಂದ ಒಂದೊಂದು ಉಂಡೆಯೂ ಅವಳ ಎದೆಯಲ್ಲಿ ಕಲ್ಲಾದದ್ದು ಕಣ್ಣಿಗೆ ಕಟ್ಟುತ್ತಿತ್ತು. ಅವ್ವನನ್ನು ನಾನೇ ಕೊಲ್ಲುತ್ತಿದ್ದೇನೆ ಎಂದು ಗಟ್ಟಿಯಾಗಿ ನಂಬಿದೆ. ಡಬ್ಬಿ ಮುಟ್ಟುವುದನ್ನು ಬಿಟ್ಟೆ. ಅಷ್ಟು ಸಾಲದೆಂದು ಅಡುಗೆಮನೆಯ ಬೆಲ್ಲವನ್ನು ಕದ್ದು ಅವಳ ಚಹಾಕ್ಕೆ ಹಾಕಿದೆ, ಬೇಳೆಗೆ ಹಾಕಿದೆ, ಹುಳಿಸೊಪ್ಪಿನ ಪುಂಡಿಪಲ್ಲೆಗೂ ಹಾಕಿದೆ. "ಯಾರ ಲಗ್ನ ಐತಿ ಇವತ್ತ, ಎಲ್ಲಾ ಸಿಹಿ?" ಎಂದು ಅವ್ವ ನಗಲು ಹೋಗಿ ಕೆಮ್ಮಿ ಕೆಮ್ಮಿ ಕುಸಿದಳು.

ಸಿಕಂದರಾಬಾದಿನ ದವಾಖಾನೆಗೆ ಅವ್ವನ ಜೊತೆ ನಾನೇ ಹೋದೆ. ಅಪ್ಪನಿಗೆ ರಜೆ ಸಿಗಲಿಲ್ಲ, ಅವ್ವನಿಗೆ ತೆಲುಗು ಬರುತ್ತಿರಲಿಲ್ಲ. ನಾನು ಶಾಲೆಯಲ್ಲಿ ಕಲಿತಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಎದೆಯ ತುಂಬ ರಂಗೋಲಿಗಿಟ್ಟ ಚುಕ್ಕಿಗಳ ಹಾಗೆ ಬಿಳಿ ಬಿಳಿ ಚುಕ್ಕಿ. ನನಗೆ ತಡೆಯಲಾಗಲಿಲ್ಲ. ಅವ್ವನಿಗೆ ತಿಳಿಯದಿರಲೆಂದು ತೆಲುಗಿನಲ್ಲೇ ಒಪ್ಪಿಕೊಂಡೆ: "ಸಾರ್, ಬೆಲ್ಲಂ ನೇನೇ ತಿನ್ನಾನು." ಬೆಲ್ಲ ನಾನೇ ತಿಂದೆ.

ಡಾಕ್ಟರು ನನ್ನ ತಲೆಯ ಮೇಲೆ ಕೈಯಿಟ್ಟರು. "ಬೆಲ್ಲಂತೋ ಪೋದು ತಲ್ಲೀ. ಅದಿ ರಾಯಿ. ಕರಗದು." ಬೆಲ್ಲದಿಂದ ಹೋಗುವಂಥದ್ದಲ್ಲ ತಾಯಿ, ಅದು ಕಲ್ಲು, ಕರಗುವುದಿಲ್ಲ ಎಂದರು. ಅವ್ವ ಇನ್ನು ಆ ಕೆಲಸಕ್ಕೆ ಹೋಗಬಾರದು ಎಂದರು.

ನನ್ನ ತಪ್ಪಲ್ಲ! ಅಬ್ಬಾ ಎಂದು ಎದೆ ಹಗುರಾಯಿತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಬೆಲ್ಲದಿಂದ ಹೋಗದಿದ್ದರೆ ಮತ್ತೆ ಯಾವುದರಿಂದ ಹೋಗುತ್ತದೆ?

"ಏನಂದ್ರವಾ?" ಅವ್ವ ಕೇಳಿದಳು.

"ಮಿಲ್ಲಿಗೆ ಹೋಗಬ್ಯಾಡ ಅಂದ್ರು. ದಿನಾ ಬೆಲ್ಲಾ ತಿಂದ್ರ ಎಲ್ಲಾ ಕರಗಿ ಹೋಗತೈತಂತ."

"ಹೌದಾ? ಛಲೋ ಆತು ಬಿಡು" ಎಂದಳು.

ಅವ್ವ ಮತ್ತೆ ಮಿಲ್ಲಿಗೆ ಹೋಗಲಿಲ್ಲ. ದಿನವೂ ಸಂಜೆ ನನ್ನೆದುರು ಕೂತು ಬಾಯಿ ಚಪ್ಪರಿಸಿ ಬೆಲ್ಲ ತಿಂದಳು. "ಇವತ್ತ ಎದಿ ಹಗುರ ಆಗೈತಿ ನೋಡು" ಎನ್ನುತ್ತಿದ್ದಳು. ಹಾಗೆ ನಾನು ಎಂಟನೇ ತರಗತಿಗೆ ಬರುವವರೆಗೆ ಇದ್ದಳು.

ಮಣ್ಣು ಮಾಡಿ ಬಂದ ದಿನ ಮಲ್ಲಮ್ಮನ ಮುಂದೆ ನನ್ನ ಸುಳ್ಳನ್ನು ಹೇಳಿಕೊಂಡು ಅತ್ತೆ.

"ಆಕಿಗೆ ಅವತ್ತೇ ಗೊತ್ತಿತ್ತವಾ" ಎಂದಳು ಮಲ್ಲಮ್ಮ. "ಬೆಲ್ಲಂ, ಕರಗದು, ಈ ಎರಡು ಮಾತಿಗೆ ತೆಲುಗು ಕಲಿಬೇಕೇನ? 'ಕೂಸು ಹೆದರೈತಿ, ನನಗ ಗೊತ್ತೈತಂತ ಅದಕ್ಕ ಹೇಳಬ್ಯಾಡ' ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡಿದ್ಳು."

ಈಗ ಆ ಮಿಲ್ಲೂ ಇಲ್ಲ, ಶೀಟಿನ ಸಾಲೂ ಇಲ್ಲ. ನನ್ನ ಮನೆಯಲ್ಲಿ ಆಡುವುದೂ ತೆಲುಗೇ. ಹೆದರಿಕೆಯಾದಾಗ ನಾನು ಈಗಲೂ ಸುಳ್ಳು ಹೇಳುತ್ತೇನೆ, ಕೇಳಿದವರು ಕೂಡಲೇ ಹಿಡಿದುಬಿಡುತ್ತಾರೆ. ಹಿಡಿದೂ ಸುಮ್ಮನಿದ್ದವಳು ಅವಳೊಬ್ಬಳೇ.