ಅವ್ವ ಎಲ್ಲರ ಗುರುತು ಹಿಡಿಯುತ್ತಿದ್ದ ಬಗೆ

ನಮ್ಮವ್ವನ ನೆನಪಿನ ಶಕ್ತಿಯನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತಿದ್ದ ಕಾಲವೊಂದಿತ್ತು. ಹೆತ್ತ ತಾಯಿಯನ್ನು ಹೊಗಳಿದರೆ ಉರಿದುಕೊಳ್ಳುವ ಇವಳೆಂಥ ಮಗಳು ಎಂದು ನೀವು ಕೇಳಬಹುದು. ನಮ್ಮೂರೂ ಅದನ್ನೇ ಕೇಳಿತು, ನನ್ನ ತಮ್ಮನಂತೂ ಮುಖಕ್ಕೆ ಹೊಡೆದ ಹಾಗೆ ಕೇಳಿದ.

ಹೊಗಳಿಕೆಗೆ ಬುಡವಿಲ್ಲದೆ ಇರಲಿಲ್ಲ. ನಮ್ಮ ಕಡೆ ಹೆಣ್ಣು ಗಂಡು ನೋಡುವಾಗ ಜಾತಕಕ್ಕಿಂತ ಮೊದಲು ನೋಡುವುದು ವರಸೆಯನ್ನು. ಹುಡುಗನಿಗೆ ಹುಡುಗಿ ಅತ್ತೆಮಗಳೋ ಮಾವನ ಮಗಳೋ ಆಗುವ ಸಂಬಂಧ ಬಂದರೆ ಸರಿ, ಎಲ್ಲೋ ಸುತ್ತಿಬಳಸಿ ಅಣ್ಣತಂಗಿ ಆಗಿಬಿಟ್ಟರೆ ಎಂಥ ಸಾಹುಕಾರರ ಮನೆಯಾದರೂ ಮಾತು ಅಲ್ಲಿಗೇ ಮುಗಿಯಿತು. ಹಿರಿಯರು ಅದರ ಮೇಲೆ ಜಗಳಕ್ಕೆ ಬಿದ್ದಾಗ ಬೈರಾಪಟ್ಟಣದ ಪಕ್ಕದ ನಮ್ಮೂರಿಗೆ, ಅವ್ವನ ಹತ್ತಿರ ಬರುತ್ತಿದ್ದರು. ಅವ್ವ ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿ, ಹುಡುಗನ ಅಜ್ಜಿ ಯಾವ ಮನೆಯವಳು, ಅವಳ ತಂಗಿಯನ್ನು ಕನಕಪುರದ ಕಡೆ ಯಾರಿಗೆ ಕೊಟ್ಟಿದ್ದರು, ಆ ತಂಗಿಯ ಸವತಿಯ ಮಗ ಮಾಗಡಿ ಕಡೆ ಯಾರ ಮನೆಗೆ ಅಳಿಯನಾಗಿ ಹೋದ ಎಂದು ಒಂದೊಂದೇ ಮನೆ ಹತ್ತಿ ಇಳಿದು, "ವರಸೆ ಕೂಡ್ತದೆ, ಎಲೆಅಡಿಕೆ ಇಸ್ಕಳಿ" ಎನ್ನುತ್ತಿದ್ದಳು. ಇಲ್ಲವೇ "ಅಣ್ಣತಂಗಿ ಆಯ್ತರೆ, ಬುಟ್ಬುಡಿ." ಓದು ಬರಹ ಬಾರದ ಹೆಂಗಸು. ಹೇಳಿದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಬಲ್ಲವರೆಲ್ಲ ಸತ್ತು ಮಣ್ಣಾಗಿದ್ದರು, ಹಾಗಾಗಿ ಅವ್ವ ಹೇಳಿದ್ದೇ ವರಸೆ. ಆದರೂ ಆಗ ಅದು ನಿಜವಾದ ನೆನಪೇ ಆಗಿತ್ತೆಂದು ನಾನು ಇವತ್ತಿಗೂ ನಂಬುತ್ತೇನೆ.

ಆ ನೆನಪು ಈಗ ಉಳಿದಿಲ್ಲವೆಂದು ಗೊತ್ತಾದದ್ದು ಕನಕಪುರ ರಸ್ತೆಯ ಒಂದು ಛತ್ರದಲ್ಲಿ, ನೆಂಟರ ಬೀಗರೂಟದ ದಿನ. ಅವ್ವನನ್ನು ಪಂಕ್ತಿಯ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಪಕ್ಕದಲ್ಲಿ ಕೂತಿದ್ದೆ. ದೇವರಿಗೆ ಕೈ ಮುಗಿಯುವ ಹಾಗೆ ಒಬ್ಬೊಬ್ಬರೇ ಬಂದು ಮಾತಾಡಿಸಿಕೊಂಡು ಹೋಗುತ್ತಿದ್ದರು. ಜರತಾರಿ ಸೀರೆಯ ಒಬ್ಬ ಹೆಂಗಸು ಬಂದು, "ದೊಡ್ಡವ್ವ, ನಾನ್ಯಾರು ಗೊತ್ತಾಯ್ತಾ?" ಎಂದಳು.

ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಗೊತ್ತಾಗ್ದೆ ಇರ್ತದಾ ಮಗ? ಮನೇಲೆಲ್ಲ ಚೆಂದಾಗವ್ರಾ?"

"ಹೂ ದೊಡ್ಡವ್ವ. ಅಪ್ಪಂಗೆ ಮಾತ್ರ ಒಸಿ ಮಂಡಿನೋವು."

"ನಿಮ್ಮಪ್ಪ ದುಡ್ದು ದುಡ್ದು ಸವ್ದೋದ ಕಣವ್ವ. ಈಗ್ಲೂ ಅಲ್ಲೇನಾ ಇರಾದು?"

"ಹೂ, ಮಾಗಡಿ ತಾವ್ಲೇ, ತೋಟದ ಮನೇಲಿ."

"ಮಾಗಡಿ ಅಂದ್ರೆ ಸುಮ್ನೇನಾ? ಒಳ್ಳೆ ತೋಟ. ನಿಮ್ಮಪ್ಪನ ಮಂಡಿಗೆ ಹರಳೆಣ್ಣೆ ಕಾಯ್ಸಿ ಹಚ್ಚು."

ಆ ಹೆಂಗಸು ಕಣ್ಣೊರೆಸಿಕೊಂಡು ಹೋಗಿ, ಅಲ್ಲೇ ನಿಂತಿದ್ದ ಇನ್ನೊಬ್ಬಳಿಗೆ ಹೇಳಿದಳು: "ಈ ವಯಸ್ನಲ್ಲೂ ಎಂಥ ಗ್ಯಾಪ್ಕ ನೋಡು! ನಮ್ಮ ತೋಟ, ನಮ್ಮಪ್ಪನ ಮಂಡಿನೋವು, ಎಲ್ಲ ನೆನಪೈತೆ." ಎಲ್ಲವನ್ನೂ ತಾನೇ ಬಾಯಿಬಿಟ್ಟು ಹೇಳಿದ್ದು ಅವಳಿಗೆ ಆಗಲೇ ಮರೆತುಹೋಗಿತ್ತು. ನನಗೆ ನಗು ಬಂತು. ಅಷ್ಟರಲ್ಲಿ ಅವ್ವ ನನ್ನ ಕಿವಿಯ ಹತ್ತಿರ ಬಾಗಿ, "ಯಾರು ಅವ್ಳು?" ಎಂದು ಪಿಸುಗುಟ್ಟಿದಳು.

ಸಾಯಂಕಾಲದವರೆಗೆ ನಾನು ಊಟ ಬಿಟ್ಟು ಅದನ್ನೇ ನೋಡುತ್ತ ಕೂತೆ. ಬಂದವರಿಗೆಲ್ಲ ಅದೇ ಮೂರು ನಾಲ್ಕು ಮಾತು. ಉತ್ತರವನ್ನು ಬಂದವರೇ ಕೊಡುತ್ತಿದ್ದರು, ಅವ್ವ ಅದಕ್ಕೊಂದು ನಿಟ್ಟುಸಿರು ಸೇರಿಸಿ ಅವರಿಗೇ ವಾಪಸ್ಸು ಕೊಡುತ್ತಿದ್ದಳು. ಒಬ್ಬರ ಗುರುತೂ ಅವಳಿಗೆ ಇರಲಿಲ್ಲ.

ವಯಸ್ಸಾದವರಿಗೆ ಮರೆವು ಬರುವುದು ಏನು ದೊಡ್ಡ ವಿಷಯ ಎನ್ನಬಹುದು. ಅವ್ವ ಒಬ್ಬಳೇ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನನ್ನ ತಮ್ಮನಿಗೆ ಆಗತಾನೇ ನಡೆಯಲು ಕಲಿತ ಹೆಣ್ಣುಮಗುವಿತ್ತು. ತಮ್ಮನ ಹೆಂಡತಿ ಬೆಳಿಗ್ಗೆಯೇ ಹೈವೇಗೆ ಹೋಗಿ ಬಿಡದಿಯ ಒಂದು ಕಾರ್ಖಾನೆಯ ಬಸ್ಸು ಹತ್ತುತ್ತಿದ್ದಳು. ತಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ, ಇಲ್ಲವೇ ರೇಷ್ಮೆಗೂಡು ತಗೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಇಡೀ ಹಗಲು ಮಗು ಅವ್ವನ ಕೈಯಲ್ಲಿ. ಯಾರನ್ನು ಕಂಡರೂ ಯಾರೆಂದು ಗೊತ್ತಾಗದ ಅವ್ವನ ಕೈಯಲ್ಲಿ.

ತಮ್ಮನಿಗೆ ಹೇಳಿದೆ. ಅವನು ನಕ್ಕ. "ಅಕ್ಕ, ನೀನು ಮೊಸರಲ್ಲಿ ಕಲ್ಲು ಹುಡುಕ್ತೀಯ. ಇಡೀ ತಾಲೂಕಿನ ವರಸೆ ನೆನಪಿಟ್ಟಿರೋಳ್ಗೆ ಮರೆವು ಅಂತೀಯಲ್ಲ. ನಿನ್ನ ಮಕ್ಳನ್ನ ಸಾಕಿದ್ದು ಯಾರು?"

ನನ್ನ ಮಕ್ಕಳನ್ನು ಸಾಕಿದ್ದು ಅವ್ವನೇ.

ನಾನು ರಾಮನಗರದ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಮನೆಯೂ ಅಲ್ಲೇ. ಅಂದಿನಿಂದ ಕ್ಲಾಸಿನಲ್ಲಿ ನಿಂತಿದ್ದರೂ ಜೀವ ಊರಿನಲ್ಲಿರುತ್ತಿತ್ತು. ಬಿಡುವಿನಲ್ಲಿ ಫೋನ್ ಮಾಡುತ್ತಿದ್ದೆ. "ಮಗು ಉಂಡ್ತಾ ಅವ್ವ?" "ಹೂ, ಉಂಡ್ತು." ಅವ್ವನ ದನಿ ಎಷ್ಟು ಗಟ್ಟಿಯಾಗಿರುತ್ತಿತ್ತೆಂದರೆ ನನಗೇ ನನ್ನ ಮೇಲೆ ಅನುಮಾನ ಬರುತ್ತಿತ್ತು. ಫೋನ್ ಇಟ್ಟ ಮೇಲೆ ಅದು ನಿಜವಾದ ಹೂ ಹೌದೋ ಅಲ್ಲವೋ ಎಂದು ತಲೆ ಕೆಡುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ರಜೆ ಹಾಕಿ ಬಸ್ಸು ಹತ್ತಿದೆ. ಅವ್ವ ಜಗಲಿಯ ಮೇಲೆ ಯಾರೋ ಬಳೆ ಮಾರುವವಳ ಜೊತೆ ಅವಳ ತವರಿನ ಸುದ್ದಿ ಮಾತಾಡುತ್ತ ಕೂತಿದ್ದಳು. "ಮಗು ಎಲ್ಲವ್ವ?" ಎಂದೆ.

"ಯಾವ ಮಗು?"

ನಾನು ಒಳಗೆ ಓಡಿದೆ. ಅಡುಗೆಮನೆ, ಹಿತ್ತಿಲು, ಕೊಟ್ಟಿಗೆ ಎಲ್ಲ ಹುಡುಕಿದೆ. ಕೊನೆಗೆ ರೇಷ್ಮೆಹುಳ ಸಾಕುವ ಮನೆಯ ಬಾಗಿಲು ಹೊರಗಿನಿಂದ ಚಿಲಕ ಹಾಕಿದ್ದು ಕಾಣಿಸಿತು. ಹಿಂದಿನ ಬೆಳೆ ಮುಗಿದು ಅದನ್ನು ತೊಳೆದು ಖಾಲಿ ಬಿಟ್ಟಿದ್ದರು. ಒಳಗೆ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯಿತು. ಮಗು ಅತ್ತು ಅತ್ತು ಸೋತು ಸುಣ್ಣದ ಚೀಲದ ಪಕ್ಕ ನಿದ್ದೆ ಹೋಗಿತ್ತು. ಬೆರಳುಗಳೆಲ್ಲ ಬೆಳ್ಳಗಿದ್ದವು. ಬಾಯಲ್ಲಿ ಏನಾದರೂ ಇದೆಯೇ ಎಂದು ನಾನು ಬೆರಳು ಹಾಕಿ ನೋಡಿದಾಗ ಅದು ಎಚ್ಚರಗೊಂಡು ಕಿರುಚಿಕೊಂಡಿತು. ಆ ಕಿರುಚಾಟ ಕೇಳಿ ನನಗೆ ಜೀವ ಬಂತು.

ತಮ್ಮ ಬಂದವನು, "ಗಾಳಿಗೆ ಬಾಗ್ಲು ಹಾಕ್ಕಂಡಿರ್ತದೆ" ಎಂದ.

"ಗಾಳಿ ಚಿಲಕಾನೂ ಹಾಕ್ತದೇನ್ಲಾ?" ಎಂದು ಕೂಗಿದೆ.

ಅವನಿಗೂ ಒಳಗೊಳಗೇ ಭಯವಾಗಿತ್ತೆಂದು ಕಾಣುತ್ತದೆ, ಚನ್ನಪಟ್ಟಣಕ್ಕೆ ಡಾಕ್ಟರ ಹತ್ತಿರ ಹೋಗಲು ಒಪ್ಪಿದ. ಒಪ್ಪದೇ ಇದ್ದಿದ್ದರೇ ಚೆನ್ನಾಗಿತ್ತು. ಡಾಕ್ಟರು, "ಅಜ್ಜಿ, ಇವತ್ತು ಯಾವ ವಾರ?" ಎಂದು ಕೇಳಿದರು. ಅವ್ವ ನಕ್ಕು, "ದುಡ್ಯೋರ್ಗೆ ವಾರ ಕಣಪ್ಪ, ಕುಂತುಣ್ಣೋರ್ಗೆ ಯಾವ್ದಾದ್ರೇನು? ನಿಮ್ದು ಯಾವೂರಪ್ಪ?" ಎಂದಳು. ಅವರು ಕನಕಪುರದ ಹತ್ತಿರದ ತಮ್ಮ ಊರು ಹೇಳಿದರು. ಆ ಊರು ಅವ್ವನ ತವರಿಗೆ ಹತ್ತಿರ. ಹಳೆಯದೆಲ್ಲ ಅವಳಲ್ಲಿ ಗಟ್ಟಿಯಾಗಿಯೇ ಇತ್ತು. ಡಾಕ್ಟರ ಮುತ್ತಜ್ಜಿಯವರೆಗೂ ಹೋಗಿ ಬಂದಳು, ಕೊನೆಗೆ ಅವರು ನನಗೆ ಅಣ್ಣನೂ ಅವ್ವನಿಗೆ ಮಗನೂ ಆಗಿಬಿಟ್ಟರು. ನಮಗೆ ಕಾಫಿ ತರಿಸಿದರು. "ಇವರ ನೆನಪು ನನಗಿಂತ ಚೆನ್ನಾಗಿದೆ" ಎಂದು ಒಂದು ಶಕ್ತಿ ಮಾತ್ರೆ ಬರೆದುಕೊಟ್ಟರು. ವಾರ ಯಾವುದೆಂಬ ಪ್ರಶ್ನೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಊರು ಬಂದಾಗ ತಮ್ಮ, "ಅವ್ವನ ಹುಚ್ಚಿ ಮಾಡ್ಬೇಡ ಅಕ್ಕ" ಎಂದ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನ ನೋಡುವ ಹಾಗೆ ಅತ್ತೆ. ಮಗು ಸಾಯುತ್ತದೆ, ಸತ್ತ ಮೇಲೆ ಎಲ್ಲರೂ ನನ್ನ ಮಾತು ನಂಬುತ್ತಾರೆ ಎಂದು ಅನ್ನಿಸುತ್ತಿತ್ತು.

ಆ ಸಂಕಟದಲ್ಲೇ ನನಗೆ ಉಪಾಯ ಹೊಳೆದದ್ದು. ನಮ್ಮ ಶಾಲೆಗೆ ಬೀದರ್ ಕಡೆಯ ಒಬ್ಬ ಟೀಚರ್ ಹೊಸದಾಗಿ ಬಂದಿದ್ದರು. ಇವರ ಏಳು ತಲೆಮಾರಿನಲ್ಲಿ ಯಾರೂ ನಮ್ಮ ಸೀಮೆ ನೋಡಿದವರಲ್ಲ. ಭಾನುವಾರ ಕೆಂಗಲ್ ದೇವಸ್ಥಾನಕ್ಕೆಂದು ಅವರನ್ನು ಕರೆದುಕೊಂಡು ಹೊರಟು, ಅಲ್ಲಿಂದ ಊರಿಗೆ ಕರೆತಂದೆ. ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ: "ನಮ್ಮವ್ವ ಏನು ಕೇಳಿದರೂ ಬರೀ ನಗಬೇಕು. ಬಾಯಿ ಬಿಡಬೇಡಿ."

ತಮ್ಮ, ಅವನ ಹೆಂಡತಿ ಇಬ್ಬರೂ ಮನೆಯಲ್ಲಿದ್ದರು. "ಅವ್ವ, ಇವರ್ಯಾರು ಗೊತ್ತಾಯ್ತಾ?" ಎಂದು ನಾನೇ ಕೇಳಿದೆ.

"ಗೊತ್ತಾಗ್ದೆ ಇರ್ತದಾ? ಬಾ ಮಗ. ಮನೇಲೆಲ್ಲ ಚೆಂದಾಗವ್ರಾ?"

ಟೀಚರ್ ನಕ್ಕರು.

"ಈಗ್ಲೂ ಅಲ್ಲೇನಾ?"

ಮತ್ತೆ ನಗು. ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವ್ವನಿಗೆ ಕಾಲೂರಲು ಏನೂ ಸಿಗದೆ, ಅವಳು ಮಾತಿನ ಮೇಲೆ ಮಾತು ಹೊಂದಿಸತೊಡಗಿದಳು. "ನಿಮ್ಮಜ್ಜಿ ಹೋದಾಗ ನಾನೇ ಬಂದಿದ್ದೆ ಕಣವ್ವ... ನೀನು ಒಸಿ ಉದ್ದ ಇದ್ದೆ... ನಿಮ್ಮವ್ವ, ನಾನು ಒಂದೇ ಗಾಡೀಲಿ ಸಂತೆಗೆ ಹೋಯ್ತಿದ್ದೋ... ಆಮ್ಯಾಕೆ ನಿನ್ನ ಮದ್ವೇಲಿ ಸೊಸೇರು ಜಗಳ ಆಡಿದ್ರು..." ಟೀಚರಿಗೆ ಮದುವೆಯೇ ಆಗಿರಲಿಲ್ಲ. ಮೊದಮೊದಲು ಹೆಮ್ಮೆಯಿಂದ ನಗುತ್ತಿದ್ದ ತಮ್ಮ ನಗು ನಿಲ್ಲಿಸಿದ. ಅವ್ವನ ಹಣೆಯಲ್ಲಿ ಬೆವರು ಕಟ್ಟಿತು. ಹಿಡಿದಿದ್ದ ಕೈಯನ್ನು ಹಿಸುಕುತ್ತಲೇ ಇದ್ದಳು. ಟೀಚರ್ ನನ್ನತ್ತ ತಿರುಗಿ ಸಾಕು ಎಂಬಂತೆ ನೋಡಿದರು, ಅವರ ಕಣ್ಣು ತುಂಬಿತ್ತು.

"ಅವ್ವ, ಇವರು ಬೀದರಿನೋರು" ಎಂದೆ. "ಇವತ್ತೇ ಮೊದಲ ಸಲ ಈ ಕಡೆ ಬಂದಿರಾದು."

ಅವ್ವ ಆ ಕೈ ಬಿಟ್ಟಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಏನು ನಡೆಯಿತೆಂದು ಅವಳಿಗೆ ಪೂರ್ತಿ ಅರ್ಥವಾಗಿತ್ತು, ಅದನ್ನು ಮಾತ್ರ ಮರೆವು ಅವಳಿಂದ ಕಿತ್ತುಕೊಂಡಿರಲಿಲ್ಲ. ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಮ್ಮನ ಹೆಂಡತಿ ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡಳು.

ಮಾರನೇ ದಿನದಿಂದಲೇ ಅವಳು ಕೆಲಸ ಬಿಟ್ಟಳು. ತಮ್ಮ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅವ್ವನನ್ನು ಕರೆದುಕೊಂಡು ಹೋದ, ಅವರು ಕಾಯಿಲೆಗೊಂದು ಹೆಸರು ಹೇಳಿದರು, ಗುಣವಾಗುವುದಿಲ್ಲ ಎಂದೂ ಹೇಳಿದರು. ಮಗು ಈಗ ಅಂಗನವಾಡಿಗೆ ಓಡಿಕೊಂಡು ಹೋಗುತ್ತದೆ. ನಾನು ಮಾಡಿದ್ದು ಸರಿ. ನಾಳೆ ಮತ್ತೆ ಅದೇ ಪರಿಸ್ಥಿತಿ ಬಂದರೂ ನಾನು ಅದನ್ನೇ ಮಾಡುತ್ತೇನೆ. ಆದರೆ ಸರಿ ಮಾಡಿದವಳಿಗೆ ನಿದ್ದೆ ಬರಬೇಕಲ್ಲ, ನನಗೆ ಬರುತ್ತಿಲ್ಲ.

ಯಾಕೆಂದರೆ ಆಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ವಿಷಯ ಊರಿಗೆಲ್ಲ ಹಬ್ಬಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಅವ್ವನ ಪಾಡು. ಮೊದಲು ತಮ್ಮ ಹೆಸರು, ಊರು, ನೋವು ಎಲ್ಲ ತಾವೇ ಹೇಳಿಕೊಳ್ಳುತ್ತಿದ್ದ ಹೆಂಗಸರೇ ಈಗ ಬಾಯಿ ಬಿಗಿದುಕೊಂಡು ಎದುರು ನಿಲ್ಲುತ್ತಿದ್ದರು. "ನಾನ್ಯಾರು ಹೇಳವ್ವ ನೋಡಾಣ?" ಕೆಟ್ಟವರೇನಲ್ಲ, ಅದು ಅವರಿಗೊಂದು ಆಟ. ಮಗುವನ್ನು ಮಾತಾಡಿಸುವ ಹಾಗೆ. ಅವ್ವ ಅವರ ಬಾಯನ್ನೇ ನೋಡುತ್ತಿದ್ದಳು, ಅಲ್ಲಿಂದ ಏನೂ ಉದುರುತ್ತಿರಲಿಲ್ಲ. ಒಂದು ದಿನ ನಾನು ಒಬ್ಬಳಿಗೆ, "ನೀನ್ಯಾರು ಅಂತ ನಿಂಗೇ ಗೊತ್ತಿಲ್ವಾ? ಎದ್ದೋಗು" ಎಂದು ಗದರಿ ಕಳಿಸಿದೆ. ಬರುಬರುತ್ತ ಅವ್ವ ಜಗಲಿಗೆ ಬರುವುದನ್ನೇ ಬಿಟ್ಟಳು. ಬಾಗಿಲ ಸದ್ದಾದರೆ ಅಡುಗೆಮನೆಯ ಮೂಲೆಗೆ ಹೋಗಿ ಕೂರುತ್ತಾಳೆ. ಸುಳ್ಳೋ ನಿಜವೋ, ಅಷ್ಟು ವರ್ಷ ಅವಳನ್ನು ಜನರ ನಡುವೆ ನಿಲ್ಲಿಸಿದ್ದು ಆ ನಾಲ್ಕು ಮಾತು. ಅದನ್ನು ನಾನು ಹರಾಜು ಹಾಕಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಆ ಮೂಲೆಯಲ್ಲೇ ಅವಳ ಹಿಂದೆ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಈಗ ನಾನು ಏನನ್ನೂ ಕೇಳುವುದಿಲ್ಲ. ಅವ್ವ ತಿರುಗಿ ನನ್ನನ್ನು ನೋಡಿದಳು. ಎಷ್ಟೋ ದಿನದಿಂದ ಮಾತಿಲ್ಲದ ಮುಖದಲ್ಲಿ ಒಂದು ಸಲಿಗೆ ಬಂದಿತ್ತು.

"ನೀನು ಒಳ್ಳೆವ್ಳಂಗೆ ಕಾಣ್ತೀಯ" ಎಂದಳು. "ನಿಂಗೊಬ್ಳಿಗೇ ಹೇಳ್ತೀನಿ. ನಂಗೆ ಯಾರೂ ಗುರ್ತು ಸಿಕ್ತಾ ಇಲ್ಲ ಕಣವ್ವ."

ನಾನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಯಾರ್ಗೂ ಹೇಳ್ಬೇಡ" ಎಂದಳು. "ನನ್ನ ಮಗಳ್ಗೆ ಗೊತ್ತಾದ್ರೆ ಅಳ್ತಾಳೆ."

"ಇಲ್ಲ ಕಣವ್ವ" ಎಂದೆ. "ಯಾರ್ಗೂ ಹೇಳಲ್ಲ."