ಮೊದಲ ಪುಟ ಬೈದವರದು

ಫೆಬ್ರವರಿಯ ಎರಡನೆಯ ಭಾನುವಾರ. ಬರೆಯಲು ಕೂತದ್ದು ಬೆಳಗ್ಗೆ 6.40ಕ್ಕೆ.

ನಮ್ಮ ಸಂಪಾದಕರ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಪೆನ್ನಿನ ಜೊತೆಗೆ ಒಂದು ಭಾರದ ಸ್ಟೇಪ್ಲರ್. ಬಗ್ಗಿ ಚಪ್ಪಲಿ ಬಿಡುವಾಗ ಅದು ಜಾರಿ ಬೀಳದಂತೆ ಎಡಗೈಯಿಂದ ಎದೆ ಒತ್ತಿ ಹಿಡಿಯುತ್ತಿದ್ದರು. ಹೊಸಬರು ಎದೆನೋವೆಂದು ಗಾಬರಿಯಾಗಿ ನೀರು ತಂದದ್ದನ್ನು ನಾನೇ ಮೂರು ಸಲ ನೋಡಿದ್ದೇನೆ.

ವಿಮಾ ಕಚೇರಿಯ ನೌಕರಿಯಲ್ಲಿ ಧಾರವಾಡದಿಂದ ವಡೋದರಾಕ್ಕೆ ವರ್ಗವಾಗಿ ಬಂದು, ನಿವೃತ್ತಿಯ ನಂತರವೂ ಇಲ್ಲೇ ಉಳಿದವರು ಅವರು. ವಡೋದರಾ, ಅಹಮದಾಬಾದ್, ಸೂರತ್ತಿನ ಕನ್ನಡದ ಮನೆಗಳಿಗೆ ತಿಂಗಳಿಗೊಮ್ಮೆ ನಾಲ್ಕು ಪುಟದ ಈ ಪತ್ರಿಕೆ ತರುತ್ತಿದ್ದರು. ತಾವೇ ಕೈಯಲ್ಲಿ ಬರೆದು, ಇಲ್ಲಿನ ಅಲ್ಕಾಪುರಿಯಲ್ಲಿ ಝೆರಾಕ್ಸ್ ಮಾಡಿಸಿ, ತಾವೇ ಪಿನ್ನು ಹೊಡೆಯುತ್ತಿದ್ದರು. ಒಟ್ಟು 61 ಸಂಚಿಕೆ. ಎಲ್ಲವೂ ನನ್ನ ಬಳಿ ಇವೆ. 53 ಸಂಚಿಕೆಗಳ ಮೊದಲ ಪುಟದಲ್ಲಿ ಇರುವುದು ಅವರನ್ನು ಬೈದ ಪತ್ರ! "ಮೊದಲ ಪುಟ ಬೈದವರದು" ಎನ್ನುವುದು ಅವರ ನಿಯಮ. ಅಕ್ಷರ ಓದಲು ಬರುವುದಿಲ್ಲ, ಚಟ್ನಿಪುಡಿ ಮಾಡುವ ಕ್ರಮದಲ್ಲಿ ಉಪ್ಪನ್ನೇ ಮರೆತಿದ್ದೀರಿ, ಬರೀ ಧಾರವಾಡದವರ ಸುದ್ದಿ ಹಾಕುತ್ತೀರಿ, ಎಲ್ಲವೂ ಅಲ್ಲಿ ಬರುತ್ತಿತ್ತು. ಯಾರೂ ಬೈಯದ ತಿಂಗಳು ಅವರೇ ಫೋನ್ ಮಾಡಿ ಕೇಳುತ್ತಿದ್ದರು: "ಏನ್ರೀ, ಈ ಸಲ ನಿಮಗ ಸಿಟ್ಟಽ ಬಂದಿಲ್ಲಲ್ಲ?"

58ನೆಯ ಸಂಚಿಕೆಯಲ್ಲಿ, ನಮ್ಮ ಕನ್ನಡ ಸಂಘದ ಮುಂದಿನ ಕೂಟದಲ್ಲಿ ಒಂದು ಸಿನಿಮಾ ತೋರಿಸುತ್ತೇವೆ ಎಂದು ಬರೆದರು. ಅಶ್ಲೀಲ ಪತ್ರಿಕೆ ನಡೆಸಿ, ಅದಕ್ಕಾಗಿ ಕೋರ್ಟಿನಲ್ಲಿ ನಿಂತು, ಮಾತಿನ ಸ್ವಾತಂತ್ರ್ಯದ ಹೆಸರಿನಲ್ಲಿ ವಾದಿಸಿದ ವಿದೇಶದ ಪ್ರಕಾಶಕನೊಬ್ಬನ ಜೀವನಚಿತ್ರ. ನಾನು ಅದನ್ನು ಮೊದಲೇ ನೋಡಿದ್ದೆ. ಹೆಂಗಸರ ಚಿತ್ರ ಮಾರಿ ದೊಡ್ಡವನಾದವನಿಗೆ ನಮ್ಮ ಸಂಘ ಯಾಕೆ ಚಪ್ಪಾಳೆ ತಟ್ಟಬೇಕು, ತೋರಿಸಬೇಡಿ ಎಂದು ಅವರಿಗೆ ಬರೆದೆ. ಗುಜರಾತಿ ಶಾಲೆಯಲ್ಲಿ ಓದಿದ ನಾನು ಕನ್ನಡದಲ್ಲಿ ಬರೆದ ಮೊದಲ ಪತ್ರ ಅದು. 112 ಪದಗಳಿಗೆ ಮೂರು ಸಂಜೆ ಹಿಡಿಯಿತು.

ನಾಲ್ಕನೆಯ ಸಂಜೆ 7.15ಕ್ಕೆ ಅವರ ಫೋನ್ ಬಂತು.

"ತಂಗೀ, ನಿನ್ನ ಪತ್ರದಾಗ 'ನಾಚಿಕೆಯಾಗಬೇಕು' ಅಂತ ಎರಡು ಸಲ ಬಂದದ. ಒಂದು ತಗೀಲೋ, ಎರಡೂ ಇರ್ಲೋ?"

"ಅಂಕಲ್, ನೀವು ಅದನ್ನ ಹಾಕ್ತೀರಾ?"

"ಹಾಕದಽ ಏನವಾ? ಒಂದೋ, ಎರಡೋ, ಅದನ್ನ ಹೇಳು."

ಪತ್ರದ ಕರಡು ತೆಗೆದು ಎರಡೂ ಜಾಗ ನೋಡಿದೆ. ಆಮೇಲೆ "ಎರಡೂ ಇರಲಿ" ಎಂದೆ.

"ಶಾಬ್ಬಾಸ್!"

ನನ್ನ ಪತ್ರ ದಪ್ಪ ಅಕ್ಷರದಲ್ಲಿ ಮೊದಲ ಪುಟ ತುಂಬಿ ಬಂತು. ಅವರ ಉತ್ತರ ಕೊನೆಯ ಪುಟದ ಮೂಲೆಯಲ್ಲಿ ನಾಲ್ಕೇ ಸಾಲು. ಕೂಟದ ದಿನ ಸಂಘದ ಕಾರ್ಯದರ್ಶಿ ಎದ್ದು ನಿಂತರು. ಅವರು ಮೈಸೂರಿನವರು, ರೈಲ್ವೆಯಲ್ಲಿದ್ದಾರೆ.

"ಸಾರ್, ಯುಗಾದಿಗೆ ಹಾಡು, ಹೋಳಿಗೆ ಅಂತ ಇರೋ ಸಂಘ ಇದು. ನಮಗ್ಯಾಕೆ ಸಾರ್ ಕೋರ್ಟು ಕಚೇರಿ?"

"ಹೋಳಿಗಿ ತಿಂದ ಬಾಯಾಗ ಮಾತು ಬರಬಾರದೇನ್ರೀ? ನನಗೂ ಆ ಮನುಷ್ಯಾ ಸೇರೂದಿಲ್ಲ. ನಮಗ ಸೇರಿದವರು ಮಾತಾಡ್ಲಿ ಅನ್ನಾಕ ಧೈರ್ಯಽ ಬೇಕಾಗೂದಿಲ್ಲ."

ಸಂಪಾದಕರು ಕೈ ಎತ್ತಿಸಿದರು. ಬೇಡ ಎಂದವರು 14, ಬೇಕು ಎಂದವರು 11. ಹದಿನಾಲ್ಕರಲ್ಲಿ ನಾನೂ ಒಬ್ಬಳು. ಅವರೇ ಎಣಿಸಿ, ಅವರೇ ಫಲಿತಾಂಶ ಹೇಳಿ, ಬಂದು ನನ್ನ ಪಕ್ಕ ಕೂತರು. "ಗೆದ್ದೀಯವಾ. ಚಾ ಕುಡಿಸು."

ಆ ತಿಂಗಳು 17 ಪತ್ರ ಬಂದವು. ಅವರನ್ನು ಬೈದವು 9. ಎಲ್ಲವನ್ನೂ ಹಾಕಿದ್ದರಿಂದ 60ನೆಯ ಸಂಚಿಕೆ ಹನ್ನೆರಡು ಪುಟಕ್ಕೆ ಹಿಗ್ಗಿತು. ಶನಿವಾರ ಬೆಳಗ್ಗೆ ಪಿನ್ನು ಹೊಡೆಯಲು ಅವರ ಮನೆಗೆ ಹೋದೆ. ಹಳೆಯ ಸಂಚಿಕೆಗಳನ್ನು ತಿರುವುತ್ತ ಎಣಿಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು.

"ಅಂಕಲ್, ಮೊದಲ ಎಂಟರಲ್ಲಿ ಒಂದೂ ಬೈದ ಪತ್ರ ಇಲ್ಲ. ಆಗ ಯಾರೂ ಬೈತಿರ್ಲಿಲ್ವಾ?"

ಸ್ಟೇಪ್ಲರಿನ ಸದ್ದು ನಿಂತಿತು.

"ಒಬ್ಬಾಕಿ ಬೈದಿದ್ಲು. ಸೂರತ್ತಿನ ಅಡಾಜಣ್‌ದಾಗಿಂದ. ಒಂದೂವರಿ ಪುಟ. ಹೆಸರು ಹಾಕಿರಲಿಲ್ಲ. 'ಸಂಘದ ಅಡಿಗಿಗೆ ನಮ್ಮನ್ನ ಕರೀತೀರಿ, ಸಭಾದಾಗ ಮಾತಾಡಾಕ ಕರಿಯೂದಿಲ್ಲ. ನಿಮ್ಮ ಪತ್ರಿಕಿನೂ ಹಂಗಽ ಅದ' ಅಂತ ಬರೆದಿದ್ಲು. ಖರೇನಽ ಇತ್ತು. ಹರದು ಒಗದೆ."

"ಯಾಕೆ?"

"ಹೊಸಾ ಪತ್ರಿಕಿ ನೋಡು. ಚಂದ ಕಾಣ್ಲಿ ಅಂತ."

ಮತ್ತೆ ನಾಲ್ಕು ಪಿನ್ನು ಹೊಡೆದರು. "ಆಮ್ಯಾಲೆ ಮನಸು ತಡೀಲಿಲ್ಲ. ಆಕಿ ಮತ್ತ ಬರೀತಾಳಂತ ಮೊದಲ ಪುಟ ಇಟಗೊಂಡು ಕಾಯ್ದೆ. ಆಕಿ ಬರೀಲಿಲ್ಲ. ಉಳಿದವರೆಲ್ಲ ಬೈಲಾಕ ಹತ್ತಿದ್ರು!" ಎಂದು ನಕ್ಕರು. ಆ ನಗು ಬೇಗ ಮುಗಿಯಿತು.

ನವೆಂಬರಿನಲ್ಲಿ 61ನೆಯ ಸಂಚಿಕೆ ತರಲು ಹೋದವರು ಝೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಎಡಗೈಯಿಂದ ಎದೆ ಒತ್ತಿ ಹಿಡಿದರಂತೆ. ಅವರನ್ನು ಬಲ್ಲವರೆಲ್ಲ ಸ್ಟೇಪ್ಲರ್ ಎಂದುಕೊಂಡರು.

ಅವರಿಲ್ಲದ ಜನವರಿಯ ಸಭೆಯಲ್ಲಿ ನಾನೇ ಎದ್ದು, ಆ ಸಿನಿಮಾಕ್ಕೆ ಮತ್ತೊಮ್ಮೆ ಕೈ ಎತ್ತಿಸಿ ಎಂದೆ. ಬೇಕು 19, ಬೇಡ 6. ಈ ಸಲ ನನ್ನ ಕೈ ಹತ್ತೊಂಬತ್ತರಲ್ಲಿ! ಹಾಗೆಂದು ನನ್ನ ಪತ್ರ ಹಿಂದಕ್ಕೆ ತೆಗೆದುಕೊಂಡಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಸಿನಿಮಾ ಶುರುವಾಗುವ ಮೊದಲು ಅದನ್ನು ಗಟ್ಟಿಯಾಗಿ ಓದುತ್ತೇನೆ, ಎರಡೂ 'ನಾಚಿಕೆಯಾಗಬೇಕು' ಸಮೇತ. ಐದು ಗಂಟೆಗೇ ಎಚ್ಚರವಾಗಿದೆ. ನಲವತ್ತು ಕುರ್ಚಿ ಹೇಳಿದ್ದೇವೆ. ಪ್ರೊಜೆಕ್ಟರ್ ಮೂರು ಸಲ ಹಚ್ಚಿ ನೋಡಿದ್ದೇವೆ. ಸ್ಪೀಕರ್ ತರುತ್ತಿರುವವರು ಕಾರ್ಯದರ್ಶಿಗಳೇ. "ಬೈಯೋಕಾದ್ರೂ ನೋಡ್ಬೇಕಲ್ಲ ಕಣಮ್ಮಾ" ಎಂದರು.

ಇದು 62ನೆಯ ಸಂಚಿಕೆ, ನಾನು ಕೈಯಲ್ಲಿ ಬರೆದ ಮೊದಲನೆಯದು. ಇದರ ಮೊದಲ ಪುಟ ಖಾಲಿ ಇದೆ. ಅದು ಝೆರಾಕ್ಸ್‌ನವನ ತಪ್ಪಲ್ಲ. ಐದು ವರ್ಷದ ಹಿಂದೆ ಅಡಾಜಣ್‌ನಿಂದ ಒಂದೂವರೆ ಪುಟ ಬರೆದವರು ಯಾರೆಂದು ಬಲ್ಲವರು ದಯವಿಟ್ಟು ತಿಳಿಸಿ. ಅವರೇ ಇದನ್ನು ಓದುತ್ತಿದ್ದರೆ, ಅಕ್ಕಾ, ಇನ್ನೊಮ್ಮೆ ಬರೆಯಿರಿ. ನೆನಪಿದ್ದಷ್ಟು ಸಾಕು. ಎರಡು ಸಲ ಬಂದ ಮಾತನ್ನೂ ನಿಮ್ಮನ್ನು ಕೇಳದೆ ತೆಗೆಯುವುದಿಲ್ಲ.