ವಿಲ್ಫ್ರೆಡ್ ಹಾರ್ನ್ ಒತ್ತಿದ್ದು

ಪ್ರೆಸ್ಟನ್ನಿನ ವಿಲ್ಫ್ರೆಡ್ ಆಯುಷ್ಯವಿಡೀ ಬಸ್ಸು ಓಡಿಸಿದವನು, ಒಂದೇ ಒಂದು ಸಲವೂ ಹಾರ್ನ್ ಒತ್ತಿದವನಲ್ಲ. ಹಾರ್ನ್ ಒತ್ತುವುದೆಂದರೆ ನಡುಬೀದಿಯಲ್ಲಿ ನಿಂತು ಬೈದ ಹಾಗೆ ಎಂದು ಅವನಪ್ಪ ಹೇಳಿಕೊಟ್ಟಿದ್ದ. ಸೂಪಿನಲ್ಲಿ ಕೂದಲು ಸಿಕ್ಕಿದರೂ ಹೋಟೆಲಿನವನಿಗೆ "ಬಹಳ ಚೆನ್ನಾಗಿತ್ತು" ಎಂದು ಹೇಳಿ ಬರುವ ಪ್ರಾಣಿ ಅದು! ಅಂಥವನನ್ನು ಕಟ್ಟಿಕೊಂಡ ಮ್ಯೂರಿಯಲ್ ಮಾತ್ರ ಊರಿಗೆಲ್ಲ ಬಾಯಿಬಡುಕಿ.

ಸಫಾರಿ ಪಾರ್ಕಿನ ಚಹಾದಂಗಡಿಯಲ್ಲಿ ದುಡಿದಷ್ಟು ಕಾಲವೂ ಅವಳು ಸ್ಯಾಂಡ್‌ವಿಚ್ಚಿಗೆ ಕತ್ತರಿಸಿದ ಬ್ರೆಡ್ಡಿನ ಅಂಚುಗಳನ್ನೆಲ್ಲ ಟಿಲ್ಲಿ ಎಂಬ ಆನೆಗೆ ತಿನ್ನಿಸುತ್ತಿದ್ದಳು. ಮಕ್ಕಳಿಲ್ಲದ ಮನೆ; ಆನೆಯೇ ಮಗಳು. ಈಗ ಟಿಲ್ಲಿಯನ್ನು ದಕ್ಷಿಣದ ಯಾವುದೋ ದೊಡ್ಡ ಬಯಲಿಗೆ ಸಾಗಿಸುತ್ತಾರಂತೆ, ಇವತ್ತು ಮಧ್ಯಾಹ್ನವೇ ಲಾರಿ ಹೊರಡುತ್ತದಂತೆ. ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ ಮ್ಯೂರಿಯಲ್, ಅಂಚುಗಳನ್ನು ಪೊಟ್ಟಣ ಕಟ್ಟಿಕೊಂಡು ಕಾರು ಹತ್ತಿಯೇಬಿಟ್ಟಳು.

ಆನೆಯ ಹತ್ತಿರ ಹೋಗಬೇಕಾದರೆ ಸಿಂಹಗಳ ಬಯಲು ದಾಟಬೇಕು. ಒಂದೇ ಕಾರು ಹಿಡಿಸುವ ರಸ್ತೆ. ಅಲ್ಲೊಂದು ನೀಲಿ ಕಾರು ನಿಂತಿತ್ತು. ವಿಲ್ಫ್ರೆಡ್ ಅದರ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಸಾಲು ಕಂಡರೆ ಈ ಇಂಗ್ಲಿಷ್ ಜನಕ್ಕೆ ದೇವರು ಕಂಡ ಹಾಗೆ; ಫ್ಲಾಸ್ಕು ಬಿಚ್ಚಿ ಚಹಾ ಬಗ್ಗಿಸಿಕೊಂಡು ಕೂತರು.

"ಅವನ ಮುಂದೆ ರಸ್ತೆ ಖಾಲಿ ಬಿದ್ದಿದೆ, ಕಾಣಲ್ವಾ ನಿಂಗೆ?" ಎಂದಳು ಮ್ಯೂರಿಯಲ್.

"ಏನೋ ನೋಡ್ತಿರ್ಬೇಕು ಕಣೇ. ತೊಂದರೆ ಕೊಡೋದು ಬೇಡ."

"ಗೊರಕೆ ಹೊಡೀತಿದಾನೆ ಮಾರಾಯಾ! ತಲೆ ವಾಲಿರೋದು ನೋಡು!"

"ಪಾಪ, ಸುಸ್ತಾಗಿರತ್ತೆ."

"ಇಳಿದು ಎಬ್ಬಿಸೋಣ ಅಂದ್ರೆ ಸಿಂಹ. ನೀನು ನೋಡಿದ್ರೆ ಹಿಂಗೆ. ನಿನ್ ಮರ್ಯಾದೆಗಿಷ್ಟು ಬೆಂಕಿ ಹಾಕ!"

ತಾನೇ ಒತ್ತಲೆಂದು ಕೈ ಚಾಚಿದಳು. ಗಂಡನ ಮುಖ ಬಿಳಿಚಿಕೊಂಡದ್ದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮಾತೇ ಆಡಲಿಲ್ಲ. ಪೊಟ್ಟಣದ ಮೇಲೆ ಟಪಟಪ ಕಣ್ಣೀರು ಬಿತ್ತು.

ಅವಳ ಬೈಗುಳ ವಿಲ್ಫ್ರೆಡ್‌ಗೆ ದಿನದ ಊಟ. ಅವಳು ಸುಮ್ಮನಿರುವುದನ್ನು ಮಾತ್ರ ಅವನಿಂದ ತಾಳಲಾಗಲಿಲ್ಲ. ಕಣ್ಣು ಮುಚ್ಚಿ ಹಾರ್ನ್ ಒತ್ತಿದ.

ನೀಲಿ ಕಾರಿನವನು ಬೆಚ್ಚಿ ಎದ್ದು, ಕ್ಷಮಿಸಿ ಎಂಬಂತೆ ಕೈಯೆತ್ತಿ ಹೊರಟ. ವಿಲ್ಫ್ರೆಡ್ ಅವನಿಗಿಂತ ಹೆಚ್ಚು ನಾಚಿ ತಾನೂ ಕೈಯೆತ್ತಿದ.

ಆನೆಯ ಗೇಟಿಗೆ ಬರುವಷ್ಟರಲ್ಲಿ ಲಾರಿ ಹೊರಟೇಬಿಟ್ಟಿತ್ತು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಒತ್ತಿದ ಕೈ ತೆಗೆಯಲೇ ಇಲ್ಲ ಅವನು.

"ಸಾಕು ಬಿಡೋ, ಲಾರಿ ನಿಂತಾಯ್ತು!" ಎಂದು ಮ್ಯೂರಿಯಲ್ ಅಳುತ್ತ ನಗುತ್ತ ಇಳಿದಳು.

ಲಾರಿಯ ಕಿಂಡಿಯಿಂದ ಸೊಂಡಿಲು ಹೊರಬಂದು ಅವಳ ಕೈ ಹುಡುಕಿತು. ಅವಳು ಒಂದೊಂದೇ ಅಂಚು ಕೊಡುತ್ತ ಹೋದಳು, ಬೇಕೆಂದೇ ನಿಧಾನವಾಗಿ. ಹಿಂದೆ ಕಾರುಗಳು ಸಾಲುಗಟ್ಟಿದವು. ಯಾರೂ ಹಾರ್ನ್ ಒತ್ತಲಿಲ್ಲ.